ಒಲ್ಲದ ಹೆಣ್ಣುಮೊಲ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಕೇಳಿಸದ ಹಗಲೆಂದರೆ ಮನೆಯೊಳಗೆ ಚಿಂತೆ ಹೊಕ್ಕಿದೆಯೆಂದೇ ಅರ್ಥ. ಸೀರೆಯ ವ್ಯಾಪಾರ ಕುಗ್ಗಿದ ಒಂದು ವರ್ಷ ನನ್ನ ಪರಿಚಯದ ನೇಕಾರರೊಬ್ಬರು ಉಪಜೀವನಕ್ಕೆಂದು ಮೂರು ಹೆಣ್ಣು, ಒಂದು ಗಂಡು ಮೊಲಗಳನ್ನು ತಂದು ಸಾಕಿದರು. ಮಗ್ಗದ ಮನೆಗೆ ಹೊಂದಿದ ತಗಡಿನ ಚಪ್ಪರದ ಕೆಳಗೆ ಅವುಗಳ ಗೂಡು. ಶಿವರಾತ್ರಿಗೆ ತಂದವು ಕಾರಹುಣ್ಣಿಮೆ ಬಂದರೂ ಒಂದು ಮರಿ ಹಾಕಲಿಲ್ಲ. ಗಂಡನ್ನು ಒಳಗೆ ಬಿಟ್ಟರೆ ಹೆಣ್ಣು ಮೂಲೆ ಸೇರುತ್ತಿತ್ತು. ಇಲ್ಲವೆ ಕಚ್ಚಿ ಅಟ್ಟುತ್ತಿತ್ತು. ಒಂದೆರಡು ಸಲ ಕೂಡಿದರೂ ಫಲ ಕಾಣಲಿಲ್ಲ. “ಇವು ಬಂಜಿ ಅದಾವ್ರಿ ಸರ. ಬರೂ ಸಂತಿಗೆ ಮಾರಿಬಿಡತೀನ್ರಿ” ಎಂದರು. ಆ ‘ಬಂಜೆ’ ಎಂಬ ಮಾತು ನನ್ನನ್ನು ತಡೆದು ನಿಲ್ಲಿಸಿತು. ಅದರ ಬೆನ್ನು ಹತ್ತಿ ಹೋದಾಗ ಕಂಡದ್ದನ್ನು ಇಲ್ಲಿ ಹೇಳಬಯಸುತ್ತೇನೆ.

ನಮ್ಮ ಸೀಮೆಗೆ ಮೊಲ ಹೊಸದಲ್ಲ. ಎರೆಹೊಲಗಳ ಕಾಡುಮೊಲವನ್ನು ಬೆನ್ನಟ್ಟಿಯೇ ಮುಧೋಳದ ಬೇಟೆನಾಯಿ ಹೆಸರುವಾಸಿಯಾಯಿತು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಆ ತಳಿಯನ್ನು ಪೋಷಿಸಿದರು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಕಾಡುಮೊಲಕ್ಕೆ ಕಾನೂನಿನ ರಕ್ಷೆ ದೊರೆಯಿತು. ಆದರೆ ಗೂಡಿನಲ್ಲಿ ಸಾಕುವ ಮೊಲ ಬೇರೆಯದೇ ಜೀವಿ. ಕಾಡುಮೊಲದ ಮರಿ ಮೈತುಂಬ ಕೂದಲು ಹೊತ್ತು, ಕಣ್ಣು ತೆರೆದೇ ಹುಟ್ಟುತ್ತದೆ. ಸಾಕುಮೊಲದ ಮರಿ ಕಣ್ಣು ಮುಚ್ಚಿಕೊಂಡು, ಬರಿಮೈಯಲ್ಲಿ ಹುಟ್ಟುತ್ತದೆ. ಇವೆರಡರ ನಡುವೆ ಸಂತಾನವಿಲ್ಲ. ಕನ್ನಡವು ಎರಡಕ್ಕೂ ಒಂದೇ ಹೆಸರಿಟ್ಟುದರಿಂದ ನಮಗೆ ಭೇದ ಮರೆತುಹೋಗಿದೆ. ಮೊಲದ ಬೇಟೆಯ ಗುಟ್ಟನ್ನು ಬಲ್ಲ ನಮ್ಮ ಹಿರಿಯರಿಗೆ ಮೊಲದ ಸಂಸಾರದ ಗುಟ್ಟನ್ನು ಅರಿಯುವ ಪ್ರಸಂಗವೇ ಬಂದಿರಲಿಲ್ಲ.

ಸಾಕುಮೊಲದ ಮೂಲ ಸ್ಪೇನು, ಪೋರ್ತುಗಾಲುಗಳ ಕಡೆಯದು. ರೋಮನರು ಗೋಡೆ ಕಟ್ಟಿದ ತೋಪುಗಳಲ್ಲಿ ಮೊಲಗಳನ್ನು ಕೂಡಿಹಾಕುತ್ತಿದ್ದರೆಂದು ಕ್ರಿಸ್ತಪೂರ್ವ ಒಂದನೆಯ ಶತಮಾನದ ವಾರೋ ಬರೆದಿದ್ದಾನೆ. ಕ್ರಿ.ಶ. 600ರ ಸುಮಾರಿಗೆ ಪೋಪರೊಬ್ಬರು ಎಳೆಯ ಮೊಲದ ಮಾಂಸವನ್ನು ಮೀನಿಗೆ ಸಮವೆಂದು ಸಾರಿದುದರಿಂದಲೇ ಸನ್ಯಾಸಿಗಳು ಮೊಲ ಸಾಕಲು ತೊಡಗಿದರೆಂಬ ಕಥೆ ಬಹುಕಾಲ ನಡೆದುಬಂದಿತ್ತು. ಅದಕ್ಕೆ ಆಧಾರವಿಲ್ಲವೆಂದು 2018ರಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ತೋಪಿನಲ್ಲಿದ್ದಷ್ಟು ಕಾಲ ಮೊಲ ತನ್ನ ಇಚ್ಛೆಯಂತೆ ಕೂಡುತ್ತಿತ್ತು. ಗೂಡು ಸೇರಿದ ಮೇಲೆ ದಿನವನ್ನು ಗೊತ್ತುಮಾಡುವವನು ಮನುಷ್ಯನಾದ. ಹೆಣ್ಣಿನ ಒಲ್ಲೆನೆಂಬ ನಿಲುವು ದೋಷವೆನಿಸತೊಡಗಿದ್ದು ಆಗ.

ಹೆಣ್ಣು ಬರಿಯ ಹೊಲ, ಬೀಜವೆಲ್ಲ ಗಂಡಿನದು ಎಂಬ ಭಾವನೆ ಪೂರ್ವದಲ್ಲಿಯೂ ಇತ್ತು, ಪಶ್ಚಿಮದಲ್ಲಿಯೂ ಇತ್ತು. ಬೀಜ ದೊಡ್ಡದೋ ಕ್ಷೇತ್ರ ದೊಡ್ಡದೋ ಎಂದು ಮನುಸ್ಮೃತಿಯೂ ಚರ್ಚಿಸಿದೆ. ಹಾಲೆಂಡಿನ ವೈದ್ಯ ರೆನಿಯರ್ ದ ಗ್ರಾಫ್ 1672ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೂಡಿದ ಹೆಣ್ಣುಮೊಲಗಳ ಅಂಡಾಶಯಗಳನ್ನು ಪರೀಕ್ಷಿಸಿ, ಹೆಣ್ಣಿನಲ್ಲಿಯೂ ಅಂಡವುಂಟೆಂದು ವಾದಿಸಿದ. ಅವನು ಕಂಡದ್ದು ಅಂಡವನ್ನು ಹೊತ್ತ ಕೋಶವನ್ನೇ ಹೊರತು ಅಂಡವನ್ನಲ್ಲ. ಸಸ್ತನಿಯ ಅಂಡವನ್ನು ಫಾನ್ ಬೇಯರ್ 1827ರಲ್ಲಿ ಗುರುತಿಸಿದ. 1905ರಲ್ಲಿ ಇಂಗ್ಲೆಂಡಿನ ವಾಲ್ಟರ್ ಹೀಪ್ ಇನ್ನೊಂದು ಸೋಜಿಗವನ್ನು ವಿವರಿಸಿದ. ಹಸು, ಕುರಿಗಳಲ್ಲಿ ಅಂಡವು ಋತುಚಕ್ರದಂತೆ ತಾನಾಗಿ ಬಿಡುಗಡೆಯಾಗುತ್ತದೆ, ಮೊಲದಲ್ಲಿ ಹಾಗಲ್ಲ. ಕೂಡಿದ ಸುಮಾರು ಹತ್ತು ತಾಸಿನ ಮೇಲೆ ಅದು ಹೊರಬರುತ್ತದೆ. ಮೈಗೆ ತಾಗಿದ ಸುದ್ದಿ ಮಿದುಳಿಗೆ ಮುಟ್ಟಿ, ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ ಅಪ್ಪಣೆ ಹೋಗಬೇಕು. ಮಿದುಳಿನ ಈ ಪಾತ್ರವನ್ನು ಜೆಫ್ರಿ ಹ್ಯಾರಿಸ್ 1937ರಲ್ಲಿ ಮೊಲದ ಮೇಲೆಯೇ ಪ್ರಯೋಗಿಸಿ ತೋರಿಸಿದ. ಹೀಗೆ, ಹೆಣ್ಣುಮೊಲ ಒಲ್ಲೆನೆಂದರೆ ಎಲ್ಲವೂ ಅಲ್ಲಿಗೇ ನಿಂತಿತು.

ಹಾಗಾದರೆ ಅದು ಒಲ್ಲೆನೆನ್ನುವುದೇಕೆ? ಗೂಡು ಅದರ ಮನೆ. ಒಳಗೆ ಬಂದ ಗಂಡು ಅದಕ್ಕೆ ಪರಕೀಯ. ಆದುದರಿಂದ ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು. ಜನನಾಂಗ ಬಿಳಿಚಿಕೊಂಡಿದ್ದರೆ ಒಲ್ಲದು. ಕೆಂಪಡರಿದ್ದರೆ ಒಪ್ಪುವ ಸಂಭವ ಹೆಚ್ಚು. ಅತಿಯಾಗಿ ಕೊಬ್ಬಿದ ಹೆಣ್ಣು ಒಲ್ಲದು. ಕತ್ತಲ ಮೂಲೆಯದೂ ಒಲ್ಲದು, ಅದಕ್ಕೆ ದಿನಕ್ಕೆ 14ರಿಂದ 16 ತಾಸು ಬೆಳಕು ಹಿತ. ಈಗಾಗಲೇ ಗಬ್ಬವಿದ್ದರೂ ಅಟ್ಟಬಹುದು. ಹುಸಿಗಬ್ಬವಾದರೆ ಎರಡು ವಾರದ ಮೇಲೆ ಮೂರು ನಾಲ್ಕು ದಿನ ಕಾಯಬೇಕು. ಇನ್ನೊಂದು ಕಾರಣವಂತೂ ಗಂಡಿನದೇ. ಬಿಸಿಲಿನ ತಾಪ 30 ಡಿಗ್ರಿ ದಾಟಿ ಹಲವು ದಿನ ನಿಂತರೆ ಗಂಡುಮೊಲದ ವೀರ್ಯಾಣುಗಳು ಕೆಡುತ್ತವೆ. ಮರಳಿ ಸರಿಹೋಗಲು ಎರಡು ತಿಂಗಳವರೆಗೂ ಬೇಕಾದೀತು. ನಮ್ಮ ಕಡೆಯ ಬೇಸಗೆಯಲ್ಲಿ ತಾಪ 40 ಡಿಗ್ರಿ ಮುಟ್ಟುತ್ತದೆ. ತಗಡಿನ ಕೆಳಗಿನ ಪಾಡನ್ನು ಹೇಳಬೇಕೆ?

ನೇಕಾರರು ಸಂತೆಗೆ ಹೋಗಲಿಲ್ಲ. ಗೂಡನ್ನು ಹಿತ್ತಲ ಬೇವಿನ ನೆರಳಿಗೆ ಸರಿಸಿದರು, ಗೋಣಿಯನ್ನು ತೋಯಿಸಿ ಇಳಿಬಿಟ್ಟರು, ಮಳೆಗೆ ನೆಲ ತಣಿಯುವವರೆಗೆ ಕಾದರು. ಶ್ರಾವಣದ ಕೊನೆಗೆ ಹೆಣ್ಣುಗಳನ್ನು ಒಂದೊಂದಾಗಿ ಗಂಡಿನ ಗೂಡಿಗೆ ಒಯ್ದರು. ಎರಡು ಒಪ್ಪಿದವು, ಒಂದು ಒಪ್ಪಲಿಲ್ಲ. ತಿಂಗಳು ತುಂಬುವ ಹೊತ್ತಿಗೆ ಆ ಎರಡೂ ತಮ್ಮ ಎದೆಯ ತುಪ್ಪಳನ್ನು ತಾವೇ ಕಿತ್ತು ಹಾಸಿಕೊಂಡವು. 31ನೆಯ ದಿನ ಮರಿಗಳಾದವು.

ಮರಿ ತೋರಿಸಲು ಕರೆದಾಗ ನೇಕಾರರ ತಾಯಿ ಗೂಡಿನ ಬಳಿ ಕುಳಿತಿದ್ದರು. “ಸುಮ್ನ ಅದಕ್ಕ ಹೆಸರಿಟ್ವಿ ನೋಡ್ರಿ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಮನಷ್ಯಾರಿಗೂ ಹಿಂಗ ಇಟ್ಟೀವಿ” ಎಂದರು. ಯಾರನ್ನು ನೆನೆದು ಆ ಮಾತನ್ನಾಡಿದರೋ, ನಾನು ಕೇಳಲಿಲ್ಲ. ಚಪ್ಪರದ ತಗಡು ಮಾತ್ರ ಆಗಲೂ ಕಾದೇ ಇತ್ತು.