ಗೊಜ್ಜು ಬಂದ ದಾರಿ



ಹಬ್ಬಕ್ಕೆ ನೀವು ಮಾಡುವ ಅನಾನಸಿನ ಗೊಜ್ಜು ಎಷ್ಟು ಹಳೆಯದು, ಹೇಳಿರಿ ನೋಡೋಣ? ಬೆಲ್ಲ, ಹುಣಿಸೆ, ಎಳ್ಳು ನಮ್ಮಲ್ಲಿ ಬಹು ಹಿಂದಿನವು. ಅನಾನಸು, ಒಣಮೆಣಸಿನಕಾಯಿ ಮಾತ್ರ ಅಮೆರಿಕಾ ಖಂಡದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರು ಆ ಶತಮಾನದಲ್ಲೇ ಅವನ್ನು ಈ ದೇಶಕ್ಕೆ ತಂದರು. ಗೋವೆಯೆಂದರೆ ಸೂಪಾ ಸೀಮೆಗೆ ನೆರೆಮನೆಯಲ್ಲವೇ? ಅದಕ್ಕೂ ಮೊದಲು ಖಾರಕ್ಕೆ ಹೆಚ್ಚಾಗಿ ಕಾಳುಮೆಣಸೇ ಗತಿ. ಹೊಸ ಕಾಯಿಗೂ ಜನ ಆ ಹೆಸರನ್ನೇ ಹಚ್ಚಿ ‘ಮೆಣಸಿನಕಾಯಿ’ ಎಂದರು.

ಮಾಡುವ ಬಗೆ ಸುಲಭ. ಹಣ್ಣಿನ ಹೋಳುಗಳನ್ನು ಅರಿಸಿನ, ಉಪ್ಪು ಹಾಕಿ ಬೇಯಿಸಿರಿ. ಸ್ವಲ್ಪ ಹುಣಿಸೆರಸ, ಒಂದು ಹಿಡಿ ಬೆಲ್ಲ ಸೇರಿಸಿರಿ. ಹುರಿದ ಉದ್ದಿನಬೇಳೆ, ಎಳ್ಳು, ಐದಾರು ಒಣಮೆಣಸಿನಕಾಯಿಗಳನ್ನು ಕಾಯಿತುರಿಯೊಡನೆ ಅರೆದು ಹಾಕಿ, ಗಟ್ಟಿಯಾಗುವತನಕ ಕುದಿಸಿರಿ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಆಯಿತು.

ಕಾಳಿ ನದಿಯ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣವಾಯಿತು. ಹಳೆಯ ಸೂಪಾ ಪೇಟೆ ಹಿತ್ತಿಲುಗಳ ಸಮೇತ ನೀರಿನಡಿ ಸೇರಿತು. ಅನೇಕ ಮನೆತನಗಳು ರಾಮನಗರದಲ್ಲಿ ನೆಲೆ ಕಂಡವು. ಹಿತ್ತಿಲನ್ನು ಹೊತ್ತು ತರಲಾಗದು, ಆದರೆ ಅನಾನಸಿನ ಕಂದನ್ನು ಕೈಚೀಲದಲ್ಲಿ ತರಬಹುದು. ಸಮುದ್ರ ದಾಟಿ ಬಂದ ಗಿಡಕ್ಕೆ ಇನ್ನೊಂದು ಊರು ಹೊಸತೇನಲ್ಲ.

ಆದ್ದರಿಂದ ಹಣ್ಣು ಹೆಚ್ಚಿದ ಮೇಲೆ ಜುಟ್ಟನ್ನು ತಿಪ್ಪೆಗೆ ಎಸೆಯಬೇಡಿರಿ. ನೀರು ನಿಲ್ಲದ ಜಾಗದಲ್ಲಿ ನೆಡಿರಿ. ಸುಮಾರು ಎರಡು ವರ್ಷಕ್ಕೆ ನಿಮ್ಮ ಹಿತ್ತಿಲಿನದೇ ಗೊಜ್ಜು!