ಸಂಗ್ಯಾನ ಕೊಲೆಯಿಂದ ‘ಕ್ರೈಂ ಡೈರಿ’ವರೆಗೆ

ನಡೆದ ಕೊಲೆಯನ್ನು ಆಟ ಕಟ್ಟಿ ನೋಡುವುದನ್ನು ನಮಗೆ ಟಿವಿ ಕಲಿಸಲಿಲ್ಲ. ಬೈಲಹೊಂಗಲದಲ್ಲಿ ನಿಜವಾಗಿ ನಡೆದದ್ದೆಂದು ಜನ ಹೇಳಿಕೊಂಡು ಬಂದ ಕೊಲೆಯೊಂದನ್ನು ಅಲ್ಲಿಯ ಪತ್ತಾರ ಮಾಸ್ತರರು ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಕಟ್ಟಿದರು. ಬೆಳಗಾವಿ ಸೀಮೆಯಿಂದ ಹಿಡಿದು ಇತ್ತ ಕುಂದಗೋಳ ತಾಲೂಕಿನ ಯರಗುಪ್ಪಿಯಂಥ ಊರುಗಳವರೆಗೂ ಆ ಕತೆ ಬಲ್ಲವರಿದ್ದಾರೆ. ಈರ್ಯಾನ ಹೆಂಡತಿ ಗಂಗಿಯ ಮೇಲೆ ಸಂಗ್ಯಾ ಮನಸ್ಸಿಡುತ್ತಾನೆ. ಜೀವದ ಗೆಳೆಯ ಬಾಳ್ಯಾ ಕಡೆಗೆ ಅವನನ್ನು ಕೊಲ್ಲುವವರ ಕೈಗೇ ಒಪ್ಪಿಸುತ್ತಾನೆ. ಕೊಂದವರಾರೆಂದು ನೋಡುವವರಿಗೆ ಮೊದಲೇ ಗೊತ್ತು. ಆದರೂ ಏಳುವುದಿಲ್ಲ. ಗಂಗಿ ಒಲ್ಲೆನೆನ್ನುವುದು, ಅಳುಕುವುದು, ಸೋಲುವುದು ಎಲ್ಲವೂ ಅವಳ ಬಾಯಿಂದಲೇ, ಹಾಡಿನಲ್ಲೇ ಬರುತ್ತದೆ. ಚಂದ್ರಶೇಖರ ಕಂಬಾರರು ಇದನ್ನು ಸಂಪಾದಿಸಿದ ಮೇಲೆ ಪಟ್ಟಣದ ರಂಗಭೂಮಿಗೂ ಅದರ ಕಸುವು ತಿಳಿಯಿತು.

ಟಿವಿಯ ದಾರಿ ಬೇರೆಯಾಯಿತು. ಹಿಂದಿಯಲ್ಲಿ 1998ರ ‘ಇಂಡಿಯಾಸ್ ಮೋಸ್ಟ್ ವಾಂಟೆಡ್’, 2003ರ ‘ಕ್ರೈಂ ಪ್ಯಾಟ್ರೋಲ್’ ಬಂದವು. ಕನ್ನಡದಲ್ಲಿ ಈಟಿವಿಯ ‘ಕ್ರೈಂ ಡೈರಿ’ ಮನೆಮಾತಾಯಿತು. ಅದನ್ನು ನಡೆಸಿಕೊಟ್ಟ ರವಿ ಬೆಳಗೆರೆ ಧಾರವಾಡದಲ್ಲಿ ಇತಿಹಾಸ ಓದಿದವರು, 1995ರಲ್ಲಿ ‘ಹಾಯ್ ಬೆಂಗಳೂರ್!’ ವಾರಪತ್ರಿಕೆ ಹುಟ್ಟುಹಾಕಿದವರು. ಪತ್ರಿಕೆಯ ಬರಹದ ವೇಗವನ್ನು ಅವರು ದನಿಗೆ ತಂದರು. ಆದರೆ ಈ ಪ್ರಕಾರದಲ್ಲಿ ಕತೆ ಹೇಳುವವನು ಹೆಚ್ಚಾಗಿ ನಿಲ್ಲುವುದು ಪೊಲೀಸರ ಪಕ್ಕದಲ್ಲಿ. ಹೆಣ ಸಿಗುವುದರಿಂದ ಶುರು, ಕೈಕೋಳದಲ್ಲಿ ಮುಕ್ತಾಯ. ಸತ್ತವಳಿಗೆ ಮಾತೇ ಇಲ್ಲ. ನನ್ನ ಮುಖ್ಯ ತಕರಾರು ಇದೇ.

ಬಂಧನದ ನಂತರದ ದಾರಿ ಎಷ್ಟು ದೂರ ಎಂಬುದಕ್ಕೆ ಬೆಂಗಳೂರಿನ ಶಾಕಿರೆ ಖಲೀಲಿ ಪ್ರಕರಣ ನೋಡಬೇಕು. ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಆಕೆ. 1991ರಲ್ಲಿ ಕಾಣೆಯಾದರು. ಮಗಳು ಪಟ್ಟು ಬಿಡದೆ ಹುಡುಕಿಸಿದ್ದರಿಂದ 1994ರಲ್ಲಿ ಅವರದೇ ಮನೆಯ ಅಂಗಳದಲ್ಲಿ, ಪೆಟ್ಟಿಗೆಯಲ್ಲಿ ಹೂತಿಟ್ಟ ಅಸ್ಥಿ ಸಿಕ್ಕಿತು. ಎರಡನೇ ಗಂಡ ಶ್ರದ್ಧಾನಂದನಿಗೆ 2005ರಲ್ಲಿ ಗಲ್ಲು ವಿಧಿಸಲಾಯಿತು; 2008ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಡುಗಡೆಯಿಲ್ಲದ ಜೀವಾವಧಿಗೆ ಇಳಿಸಿತು. ಬಂಧನದಿಂದ ಕೊನೆಯ ತೀರ್ಪಿಗೆ 14 ವರ್ಷ. ಅರ್ಧ ಗಂಟೆಯ ಕಂತಿಗೆ ಇದು ದಕ್ಕುವುದಿಲ್ಲ. 2023ರಲ್ಲಿ ಅಮೆಜಾನ್ ಪ್ರೈಮ್‌ನ ನಾಲ್ಕು ಕಂತಿನ ‘ಡ್ಯಾನ್ಸಿಂಗ್ ಆನ್ ದ ಗ್ರೇವ್’ ಅದಕ್ಕೆ ಜಾಗ ಕೊಟ್ಟಿತು, ಜೈಲಿನಲ್ಲಿದ್ದ ಶ್ರದ್ಧಾನಂದನನ್ನೂ ಮಾತಾಡಿಸಿತು. ಶಿಕ್ಷೆಯಾದವನ ಮಾತು ಕೇಳಿಸಬಾರದೆಂದು ನಾನು ಹೇಳುವುದಿಲ್ಲ. ಆದರೆ ಅವನು ಕ್ಯಾಮೆರಾದ ಮುಂದೆ ಕೂತು ಹೇಳಬಲ್ಲ, ಆಕೆ ಹೇಳಲಾರಳು. ಈ ಅಂತರವನ್ನು ತುಂಬುವ ಹೊಣೆ ಚಿತ್ರ ಮಾಡುವವರದು.

ಕಾನೂನು ಇದರಲ್ಲಿ ಹೆಚ್ಚು ಕೈ ಹಾಕುವುದಿಲ್ಲ. ತಮಿಳುನಾಡಿನ ಕೊಲೆ ಅಪರಾಧಿ ಆಟೋ ಶಂಕರ್‌ನ ಆತ್ಮಕತೆಯ ವಿವಾದದಲ್ಲಿ ಸುಪ್ರೀಂ ಕೋರ್ಟು 1994ರಲ್ಲೇ ಹೇಳಿತು: ನ್ಯಾಯಾಲಯದ ದಾಖಲೆ ಆಧರಿಸಿ ಬರೆಯಲು ಯಾರ ಒಪ್ಪಿಗೆಯೂ ಬೇಡ, ಅದರಾಚೆಯ ಖಾಸಗಿ ಬದುಕಿಗೆ ಬೇಕು. ಅತ್ಯಾಚಾರಕ್ಕೊಳಗಾದವರ ಹೆಸರು ಮಾತ್ರ ಹೊರಬರಬಾರದು. ಅವರು ತೀರಿಕೊಂಡಿದ್ದರೂ ಹಾಗೆಯೇ ಎಂದು 2018ರ ತೀರ್ಪು ಸೇರಿಸಿತು. ಹೆಸರು ಮರೆಸಿಯೂ ಒಬ್ಬಳ ಮನಸ್ಸನ್ನು ಪೂರ್ತಿ ಬರೆಯಬಹುದು. ಕನ್ನಡದ ಧಾರಾವಾಹಿ ಬರಹಗಾರರು ಅದಕ್ಕೆ ಎಫ್‌ಐಆರ್ ಬದಿಗಿಟ್ಟು, ಒಮ್ಮೆ ಗಂಗಿಯ ಪದಗಳನ್ನು ಕೂತು ಕೇಳಲಿ.