ಎದೆ ಎರಡನೇ ಬಾರಿ ತೆರೆದಾಗ

ದೇರೆಬೈಲಿನ ನಮ್ಮ ನೆರೆಯ ಹಿರಿಯರೊಬ್ಬರ ಎದೆಯ ನಡುವೆ ಹಳೆಯ ಹೊಲಿಗೆಯ ಗೆರೆಯೊಂದಿದೆ. ಕಾಲಿನಲ್ಲಿ ಇನ್ನೊಂದು. ಬೈಪಾಸ್ ಆಗಿ ವರ್ಷಗಳು ಸಂದಿವೆ. ಮತ್ತೆ ಎದೆನೋವು ಕಾಣಿಸಿದಾಗ ಅವರು ಕೇಳಿದ್ದು: ‘ಒಮ್ಮೆ ರಿಪೇರಿ ಮಾಡಿದ್ದು ಪುನಃ ಹಾಳಾಗುವುದು ಯಾಕೆ ಮಾರಾಯ್ರೆ?’

ಉತ್ತರ ಆ ಕಾಲಿನ ಗೆರೆಯಲ್ಲಿದೆ. ತೋಡಿಗೆ ಮಣ್ಣು ಕುಸಿದು ನೀರು ನಿಂತರೆ ಬೈಲಿನ ರೈತ ಪಕ್ಕದಲ್ಲೊಂದು ಕಣಿ ಕಡಿದು ನೀರು ದಾಟಿಸುತ್ತಾನೆ. ಬೈಪಾಸ್ ಎಂದರೆ ಅಷ್ಟೇ. 1964ರಲ್ಲಿ ಲೆನಿನ್‌ಗ್ರಾಡಿನ ವಸಿಲಿ ಕೊಲೆಸೊವ್ ಈ ಕಣಿಗೆ ಎದೆಗೂಡಿನ ಒಳಗಿನ ಅಪಧಮನಿಯನ್ನು ಬಳಸಿದರು. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿದ್ದ ಅರ್ಜೆಂಟೀನಾದ ರೆನೆ ಫವಲೊರೊ ಬಳಸಿದ್ದು ಕಾಲಿನ ಅಭಿಧಮನಿಯನ್ನು. ಸುಲಭವಾಗಿ ಸಿಗುವ, ಉದ್ದನೆಯ ನಾಳ. ಲೋಕವೆಲ್ಲ ಅದನ್ನೇ ಹಿಡಿಯಿತು. ಭಾರತದ ಮೊದಲ ಬೈಪಾಸ್ 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ನಡೆಯಿತು. ಮಾಡಿದ ಡಾ. ಕೆ.ಎಂ. ಚೆರಿಯನ್ ನಮ್ಮ ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಕಲಿತವರೆಂಬುದು ಇಲ್ಲಿ ಹಲವರಿಗೆ ತಿಳಿಯದು.

ಆದರೆ ಕಾಲಿನ ಅಭಿಧಮನಿ ಹುಟ್ಟಿದ್ದು ಕಡಿಮೆ ಒತ್ತಡದ ರಕ್ತಕ್ಕೆ. ಹೃದಯದ ಬಳಿ ಅಪಧಮನಿಯ ಒತ್ತಡ ಬಿದ್ದಾಗ ಅದರ ಒಳಗೋಡೆ ದಪ್ಪವಾಗಿ ಕೊಬ್ಬು ಕಟ್ಟುತ್ತದೆ. ಹತ್ತು ವರ್ಷಗಳಲ್ಲಿ ಇಂಥ ನಾಳಗಳಲ್ಲಿ ಸುಮಾರು ಅರ್ಧದಷ್ಟು ಮುಚ್ಚಿಹೋಗುತ್ತವೆ. ಮೊದಲ ತಲೆಮಾರಿನ ರೋಗಿಗಳು ಹೀಗೆ ಆಸ್ಪತ್ರೆಗೆ ಮರಳತೊಡಗಿದರು. ಎದೆಯ ಅಪಧಮನಿ ಜೋಡಿಸಿಕೊಂಡವರು ಹೆಚ್ಚು ಕಾಲ ಬಾಳುತ್ತಾರೆ, ಮರುಶಸ್ತ್ರಚಿಕಿತ್ಸೆಯೂ ಅವರಿಗೆ ಕಡಿಮೆ ಎಂದು ಕ್ಲೀವ್‌ಲ್ಯಾಂಡಿನ ಫ್ಲಾಯ್ಡ್ ಲೂಪ್ ತಂಡ 1986ರಲ್ಲಿ ಪ್ರಕಟಿಸಿತು. ಕೊಲೆಸೊವ್ ಹಿಡಿದ ದಾರಿಗೆ ಮನ್ನಣೆ ಸಿಗಲು 22 ವರ್ಷ ಬೇಕಾಯಿತು!

ಎರಡನೇ ಬಾರಿಯ ಕಷ್ಟ ಎದೆ ತೆರೆಯುವಾಗಲೇ ಶುರು. ಮೊದಲ ಗಾಯ ಮಾಗುವಾಗ ಹೃದಯ ಎದೆಮೂಳೆಯ ಹಿಂಬದಿಗೆ ಅಂಟಿಕೊಂಡಿರುತ್ತದೆ. ಗರಗಸ ಕೂದಲೆಳೆಯಷ್ಟು ಹೆಚ್ಚು ಇಳಿದರೆ ಬಲ ಹೃತ್ಕುಕ್ಷಿಯೇ ಹರಿಯಬಹುದು. ಆದ್ದರಿಂದ ಮೊದಲೇ ಸಿ.ಟಿ. ಸ್ಕ್ಯಾನ್ ಮಾಡಿ ಮೂಳೆಗೂ ಹೃದಯಕ್ಕೂ ನಡುವಿನ ಅಂತರ ಅಳೆಯುತ್ತಾರೆ. ಅಪಾಯ ಕಂಡರೆ ತೊಡೆಸಂದಿನ ರಕ್ತನಾಳದ ಮೂಲಕ ಹೃದಯ-ಶ್ವಾಸಕೋಶ ಯಂತ್ರ ಜೋಡಿಸಲು ಸಿದ್ಧರಿರುತ್ತಾರೆ. ಮೊದಲ ಸಲ ಬಿಗಿದ ಉಕ್ಕಿನ ತಂತಿಗಳನ್ನು ಪೂರ್ತಿ ತೆಗೆಯದೆ ಗರಗಸಕ್ಕೆ ತಡೆಯಾಗಿ ಉಳಿಸಿಕೊಳ್ಳುವವರೂ ಇದ್ದಾರೆ. ಇನ್ನೂ ಕೆಲಸ ಮಾಡುತ್ತಿರುವ ಹಳೆಯ ಎದೆ ಅಪಧಮನಿ ತುಂಡಾಗಬಾರದು. ಹಳೆಯ ಅಭಿಧಮನಿಯನ್ನು ಒತ್ತಿ ಹಿಡಿಯಲೂ ಬಾರದು. ಒಳಗಿನ ಕಸ ಕಳಚಿ ಮುಂದೆ ಹೋದರೆ ಮೇಜಿನ ಮೇಲೇ ಹೃದಯಾಘಾತ. ಇಷ್ಟಾದ ಮೇಲೆ ಹೊಸ ಕಣಿಗೆ ನಾಳವೆಲ್ಲಿ? ಕಾಲಿನದು ಮುಗಿದಿರುತ್ತದೆ, ಮುಂಗೈಯ ಅಪಧಮನಿಯನ್ನೋ ಎದೆಯ ಬಲಬದಿಯದನ್ನೋ ಹುಡುಕಬೇಕು.

ಅಮೆರಿಕದ ಅಂಕಿ ಅಂಶಗಳಂತೆ 2000ದಲ್ಲಿ ಮರುಬೈಪಾಸ್ ಆದ ನೂರರಲ್ಲಿ ಸುಮಾರು 6 ಮಂದಿ ಉಳಿಯುತ್ತಿರಲಿಲ್ಲ. 2009ರ ಹೊತ್ತಿಗೆ ಅದು 5ಕ್ಕಿಂತ ಕೆಳಗಿಳಿಯಿತು. ಮೊದಲ ಬಾರಿಯದಕ್ಕಿಂತ ಇದು ಇನ್ನೂ ಹೆಚ್ಚೇ. ಇಂಥ ಶಸ್ತ್ರಚಿಕಿತ್ಸೆಗಳ ಪ್ರಮಾಣವೂ ತಗ್ಗಿದೆ: ಎದೆಯ ಅಪಧಮನಿ, ಕೊಬ್ಬಿಳಿಸುವ ಮಾತ್ರೆ, ಸ್ಟೆಂಟ್ ಇವೇ ಕಾರಣ.

ನಮ್ಮ ದೇಶದಲ್ಲಿ ಜನ ಇದನ್ನು ಅರಿತದ್ದು 2009ರ ಜನವರಿ 24ರಂದು. ಪ್ರಧಾನಿ ಮನಮೋಹನ ಸಿಂಗ್ ಅವರಿಗೆ 1990ರಲ್ಲಿ ಇಂಗ್ಲೆಂಡಿನಲ್ಲಿ ಬೈಪಾಸ್ ಆಗಿತ್ತು. 76ರ ವಯಸ್ಸಿನಲ್ಲಿ ದೆಹಲಿಯ ಏಮ್ಸ್‌ನಲ್ಲಿ, ಮುಂಬಯಿಯ ಡಾ. ರಮಾಕಾಂತ ಪಾಂಡಾ ತಂಡ ಹೃದಯ ನಿಲ್ಲಿಸದೆಯೇ ಐದು ಹೊಸ ನಾಳ ಜೋಡಿಸಿತು. ಪಾಂಡಾ ಕೂಡ ಕ್ಲೀವ್‌ಲ್ಯಾಂಡಿನಲ್ಲಿ ಪಳಗಿದವರು. ಸಿಂಗ್ ಅದೇ ಮೇ ತಿಂಗಳಲ್ಲಿ ಮತ್ತೆ ಪ್ರಧಾನಿಯಾದರು. ತೀರಿಕೊಂಡದ್ದು 2024ರ ಡಿಸೆಂಬರಿನಲ್ಲಿ, 92ನೇ ವಯಸ್ಸಿನಲ್ಲಿ.

ನಮ್ಮ ನೆರೆಯವರಿಗೆ ಸ್ಟೆಂಟ್ ಸಾಕಾಯಿತು. ಎದೆಯ ಮೇಲೆ ಈಗಲೂ ಒಂದೇ ಗೆರೆ.